ಗುರುವಾರದ ಹನ್ನೊಂದು ಗಂಟೆ

ಮನೆಯಿಂದ,
ಶನಿವಾರ, ಬೆಳಗಿನ ಟೀ ಆದಮೇಲೆ

ಪ್ರೀತಿಯ ಕೂಸೇ,

ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿತ್ತು. ಎಸಿ ರೂಮಿನಲ್ಲಿ ಕೂತು ಕೂತು ಶೀತ ಹಿಡಿದಿದೆ, ಕಿವಿಗೆ ಬಟ್ಟೆ ಕಟ್ಟಿಕೋ ಎಂದರೆ ನಗುತ್ತೀಯ. ನಗು, ಆದರೆ ಕಟ್ಟಿಕೋ. ಬಿಸಿನೀರು ಕುಡಿ, ಹೊತ್ತಿಗೆ ಸರಿಯಾಗಿ ಉಣ್ಣು. ಮೇಲಿನವರ ಜೊತೆ ಜಗಳವಾಡುವುದಿದ್ದರೂ ಹೊಟ್ಟೆ ತುಂಬ ಉಂಡು ಆಡು. ಹಸಿದವಳು ಎಷ್ಟು ನ್ಯಾಯ ಹೇಳಿದರೂ ಕೇಳುವವರಿಗೆ ಅದು ಸಿಡುಕಿನ ಹಾಗೇ ಕೇಳಿಸುತ್ತದೆ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಹೊಲಿಗೆ ಮಿಷಿನ್ ತುಳಿಯುವಾಗ ಮಾತ್ರ ನೆನಪಾಗುತ್ತದೆ, ಅಂದರೆ ದಿನವಿಡೀ ನೆನಪಾಗುತ್ತದೆ. ನಿಮ್ಮಪ್ಪ ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿಕೊಂಡು ಒಳಗಿನ ಕೋಣೆಯ ಕಿಟಕಿ ಪಕ್ಕ ಕೂತಿದ್ದಾರೆ. ಉಸಿರಾಟ ಹೋದ ತಿಂಗಳ ಹಾಗೇ ಇದೆ. ಪಾದ ಮಾತ್ರ ತುಂಬ ಊದಿಕೊಂಡಿದೆ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ, ನಾನು ಉಪ್ಪಿನ ಡಬ್ಬಿ ಎಲ್ಲಿ ಬಚ್ಚಿಟ್ಟರೂ ಇವರು ಪೊಲೀಸರ ನಾಯಿಯ ಹಾಗೆ ಹುಡುಕುತ್ತಾರೆ. ಉಳಿದಂತೆ ಬಾಯಿ ಮೊದಲಿನಷ್ಟೇ ಗಟ್ಟಿಯಾಗಿದೆ, ಚಿಂತೆ ಮಾಡಬೇಡ.

ಫೋನ್ ಇರುವಾಗ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳುತ್ತೀಯ. ಎರಡು ಕೋಣೆಯ ಮನೆ, ಕೂಸೇ. ನಾನು ಹೊರಗಿನ ಕೋಣೆಯಲ್ಲಿ ಫೋನ್ ಹಿಡಿದರೆ ನಿಮ್ಮಪ್ಪ ಒಳಗಿನಿಂದ ಅರ್ಧ ಮಾತು ತಾವೇ ಆಡಿಬಿಡುತ್ತಾರೆ. ಅವರ ಶ್ವಾಸಕೋಶ ಕೆಟ್ಟಿರಬಹುದು, ಕಿವಿ ಕೆಟ್ಟಿಲ್ಲ. ಕಾಗದವಾದರೆ ಓದುವುದಕ್ಕೆ ಕನ್ನಡಕ ಬೇಕು, ಕನ್ನಡಕ ಎಲ್ಲಿದೆ ಎಂದು ಸದ್ಯಕ್ಕೆ ನನಗೊಬ್ಬಳಿಗೇ ಗೊತ್ತು. ಆದರೂ ನಾನು ನಿನಗೆ ಬರೆಯುತ್ತಿದ್ದೇನೆಂಬ ವಾಸನೆ ಹತ್ತಿದೆ. ಆಗಿನಿಂದ ಕೂಗುತ್ತಿದ್ದಾರೆ, “ಸಹಿ ಹಾಕು ಅಂತ ಬರೆ! ಮೊದಲನೇ ಸಾಲಲ್ಲೇ ಬರೆ!” ಮೊದಲನೇ ಸಾಲು ನಿನ್ನ ಗಂಟಲಿಗೆ ಹೋಯಿತು. ಇಗೋ, ಈಗ ಬರೆದಿದ್ದೇನೆ. ಅಪ್ಪನ ಮಾತು ನಿನಗೆ ತಲುಪಿತು, ಇನ್ನು ನನ್ನದು ಕೇಳು.

ಬರುವ ಬುಧವಾರ ಅಣು ಸ್ಥಾವರಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ನೀನು ಎದ್ದು ನಿಂತು ಹೇಳಬೇಕಾದ್ದು ಒಂದೇ ಮಾತು ಎಂದು ನೀನೇ ಹೇಳಿದ್ದೆ: ಊರು ಸಿದ್ಧವಿದೆಯೋ ಇಲ್ಲವೋ. ರಿಯಾಕ್ಟರಿನ ಕಬ್ಬಿಣ, ಕಾಂಕ್ರೀಟಿನ ಲೆಕ್ಕ ಬೇರೆಯವರದು. ಅಪಾಯ ಬಂದರೆ ಜನ ಹೇಗೆ ಮನೆಯೊಳಗಿರಬೇಕು, ಹೇಗೆ ಹೊರಡಬೇಕು ಎನ್ನುವುದು ನಿನ್ನದು. ನೀನು ಸಿದ್ಧ ಎಂದು ಸಹಿ ಹಾಕಿದರೆ ಈಗಿರುವ ರಿಯಾಕ್ಟರಿನ ಪಕ್ಕದಲ್ಲಿ ಇನ್ನೆರಡು ಏಳುತ್ತವೆ. ಅವು ಎದ್ದರೆ ಊರಿನ ಆ ತುದಿಯ ಕಲ್ಲಿದ್ದಲ ಪವರ್ ಹೌಸ್ ಮುಚ್ಚುತ್ತದೆ. ನೀನು ಸಹಿ ಹಾಕದಿದ್ದರೆ ಎಲ್ಲವೂ ಎಷ್ಟು ವರ್ಷ ಮುಂದೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ, ನಿನ್ನ ಮೇಲಿನವರ ಮುಖ ಊದುವುದಂತೂ ಖಂಡಿತ. ಇದನ್ನೆಲ್ಲ ನಿನಗೆ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೆ ಗುರುವಾರ ನಮ್ಮೂರಿನಲ್ಲಿ ನಡೆದದ್ದರ ಬಗ್ಗೆ ನಿನ್ನ ಕೈಗೆ ಬಂದಿರುವ ವರದಿಯಲ್ಲಿ ಏನಿದೆ ಎಂದು ನನಗೆ ಗೊತ್ತು, ಏಕೆಂದರೆ ಅದನ್ನೇ ನಮ್ಮ ಬೀದಿಯ ದೀಪದ ಕಂಬಕ್ಕೂ ಅಂಟಿಸಿದ್ದಾರೆ. ಅದರಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ.

ಸೋಮವಾರದ ಸೈರನ್ ನಿನ್ನದೇ ಕೂಸು, ಆ ಲೆಕ್ಕದಲ್ಲಿ ನನಗೆ ಮೊಮ್ಮಗು. ಅದನ್ನು ಶುರು ಮಾಡಿಸಿದ ದಿನ ನೀನು ಮನೆಗೆ ಬಂದು ನಮ್ಮಿಬ್ಬರನ್ನೂ ಶಾಲೆಯ ಮಕ್ಕಳ ಹಾಗೆ ಎದುರಿಗೆ ಕೂರಿಸಿಕೊಂಡಿದ್ದೆ, ನೆನಪಿದೆಯಾ? ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಕೂಗುವುದು ಬರೀ ಪರೀಕ್ಷೆ, ಅದು ಒಂದೇ ಸಮನೆ ಕೂಗಿ ನಿಲ್ಲುತ್ತದೆ. ನಿಜವಾದದ್ದು ಏರಿ ಇಳಿದು, ಏರಿ ಇಳಿದು ಕೂಗುತ್ತದೆ ಎಂದು ಫೋನಿನಲ್ಲಿ ಎರಡನ್ನೂ ಕೇಳಿಸಿದ್ದೆ. ನಿಜವಾದದ್ದು ಕೂಗಿದರೆ ಬಾಗಿಲು ಕಿಟಕಿ ಮುಚ್ಚಬೇಕು, ಹೊರಗಿನ ಗಾಳಿ ಎಳೆಯುವ ಯಂತ್ರಗಳನ್ನು ನಿಲ್ಲಿಸಬೇಕು, ರೇಡಿಯೋ ಹಾಕಬೇಕು, ಹೇಳಿದಾಗ ಮಾತ್ರ ಹೊರಬಂದು ಬಸ್ಸು ಹತ್ತಬೇಕು. ನೀನೇ ಬರೆದ ಸೂಚನೆಯ ಹಾಳೆಯನ್ನು ಅಪ್ಪನ ಮಂಚದ ಮೇಲಿನ ಗೋಡೆಗೆ ಅಂಟಿಸಿ ಹೋದೆ. ಅವರು ಪಾಠ ಒಪ್ಪಿಸಿದರು. ನಾನು ಆ ಹೊತ್ತಿನಲ್ಲಿ ಸ್ಥಾವರದೊಳಗೆ ಕೆಲಸ ಮಾಡುವವರ ಹಳದಿ ಅಂಗಿ ಹೊಲಿಯುತ್ತಿದ್ದೆ, ಎದೆಯ ಮೇಲೆ ವಿಕಿರಣ ಅಳೆಯುವ ಬಿಲ್ಲೆ ಇಡುವ ಪುಟ್ಟ ಜೇಬು. ಆ ಜೇಬಿಗೆ ಎರಡು ಹೊಲಿಗೆ ಬೀಳಬೇಕು, ಕಣ್ಣು ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಹೂಂ ಹೂಂ ಎಂದೆ. ನೀನು ಗದರಿದೆ. ನಿನ್ನ ಗದರಿಕೆ ಕೂಡ ಥೇಟ್ ನಿಮ್ಮಪ್ಪನದೇ.

ನಿನ್ನ ಸೈರನ್ ಊರಿಗೆ ಎಷ್ಟು ಹಿಡಿಸಿತು ಎಂದರೆ, ನೀನು ಇಲ್ಲಿಂದ ವರ್ಗವಾಗಿ ಹೋದಮೇಲೆ ಅದು ಸೈರನ್ನಾಗಿ ಉಳಿಯಲೇ ಇಲ್ಲ, ಊರಿನ ಗಡಿಯಾರವಾಯಿತು. ಸೋಮವಾರ ಅದು ಕೂಗಿದರೆ ಎದುರಿನ ಕ್ಷೌರದಂಗಡಿಯವನು ಕತ್ತರಿ ಕೆಳಗಿಟ್ಟು ಗೋಡೆ ಗಡಿಯಾರದ ಮುಳ್ಳು ಸರಿ ಮಾಡುತ್ತಾನೆ. ನಾನು ಸ್ಟೂಲು ಹತ್ತಿ ನಮ್ಮದನ್ನು ಸರಿ ಮಾಡುತ್ತೇನೆ. ಶಾಲೆಯಲ್ಲಿ ಮಕ್ಕಳನ್ನು ಆಟಕ್ಕೆ ಬಿಡುತ್ತಾರೆ. ಮೂಲೆಯ ಟೀ ಅಂಗಡಿಯವನು ಯಾರೂ ಹೇಳದಿದ್ದರೂ ಬೀದಿಗೆಲ್ಲ ಟೀ ಹಂಚುತ್ತಾನೆ. ಹೊಸದಾಗಿ ಬಂದವರು ಬೆಚ್ಚಿಬಿದ್ದರೆ ನಾವೆಲ್ಲ ದೊಡ್ಡ ಅನುಭವಸ್ಥರ ಹಾಗೆ ನಗುತ್ತೇವೆ. ಅದು ಕೂಗುವುದು ನಮ್ಮ ಜೀವ ಉಳಿಸುವುದಕ್ಕೆ ಎನ್ನುವುದನ್ನು ಮರೆತು ಎಷ್ಟೋ ಕಾಲವಾಗಿತ್ತು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ವರ್ಷಕ್ಕೊಮ್ಮೆ ನಡೆಯುವ ಡ್ರಿಲ್ಲಿನ ಕಥೆಯೂ ಅಷ್ಟೇ. ತಿಂಗಳ ಮುಂಚೆಯೇ ತಾರೀಖು ಹೇಳಿರುತ್ತಾರೆ. ಬೆಳಿಗ್ಗೆಯಿಂದ ಬಸ್ಸುಗಳು ಬೀದಿಯ ತುದಿಯಲ್ಲಿ ಎಂಜಿನ್ ಕೂಡ ನಿಲ್ಲಿಸದೆ ಕಾಯುತ್ತಿರುತ್ತವೆ. ಜನ ಒಳ್ಳೆಯ ಬಟ್ಟೆ ಹಾಕಿಕೊಂಡು, ಬಾಗಿಲಿಗೆ ಬೀಗ ಹಾಕಿ, ಮೆಟ್ಟಿಲ ಮೇಲೆ ತಯಾರಾಗಿ ಕೂತಿರುತ್ತಾರೆ. ಸೈರನ್ ಕೂಗಿದ್ದೇ ತಡ, ಮದುವೆ ದಿಬ್ಬಣ ಹೊರಟ ಹಾಗೆ ಹೊರಟು, ಊರ ಹೊರಗಿನ ಮೈದಾನದಲ್ಲಿ ಬಿಸ್ಕತ್ತು ತಿಂದು ವಾಪಸು ಬರುತ್ತಾರೆ. ಎಷ್ಟು ಬೇಗ ಊರು ಖಾಲಿಯಾಯಿತು ಎಂದು ಸ್ಥಾವರದವರು ಚಪ್ಪಾಳೆ ತಟ್ಟುತ್ತಾರೆ. ನಿಮ್ಮಪ್ಪನನ್ನು ಒಂದು ಸಲವೂ ಕರೆದುಕೊಂಡು ಹೋಗಿಲ್ಲ, ಅದು ನಿನಗೆ ಗೊತ್ತಿರಲಿಕ್ಕಿಲ್ಲ. ಜನಸಂಪರ್ಕದ ಅಧಿಕಾರಿ ಇದ್ದಾರಲ್ಲ, ನಾವು ನಗುಮುಖದ ಸಾಹೇಬರು ಎನ್ನುತ್ತೇವೆ, ಅವರು ಪ್ರತಿ ಸಲ ಬಾಗಿಲಿಗೆ ಬಂದು, “ಯಜಮಾನರಿಗೆ ಸುಮ್ಮನೆ ಯಾಕೆ ತೊಂದರೆ, ಮಲಗಿರಲಿ ಬಿಡಿ ಅಮ್ಮಾ, ಬಂದರು ಅಂತ ಹಾಕ್ಕೋತೀವಿ” ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಇಲ್ಲ ಎನ್ನುವುದಿಲ್ಲ. ಹಾಗಾಗಿ ನಿಮ್ಮಪ್ಪ ಹಾಸಿಗೆಯಿಂದ ಏಳದೆಯೇ ಪ್ರತಿ ವರ್ಷ ಬಸ್ಸು ಹತ್ತಿ ಮೈದಾನಕ್ಕೆ ಹೋಗಿ ಬಂದಿದ್ದಾರೆ. ಅವರಿಗೂ ಅದೊಂದು ತಮಾಷೆ, “ಬಿಸ್ಕತ್ತು ಎಲ್ಲಿ?” ಎಂದು ನನ್ನನ್ನು ಕೇಳುತ್ತಿದ್ದರು.

ಈಗ ಗುರುವಾರಕ್ಕೆ ಬರುತ್ತೇನೆ. ಊಟ ಮುಗಿದಿತ್ತು. ನಿಮ್ಮಪ್ಪನಿಗೆ ಜೊಂಪು ಹತ್ತಿತ್ತು. ನಾನು ಹಳದಿ ಬಟ್ಟೆಯ ತೋಳು ಕೂಡಿಸುತ್ತಿದ್ದೆ. ಸೈರನ್ ಕೂಗಿತು. ತಲೆ ಎತ್ತಿ ಗಡಿಯಾರ ನೋಡಿದರೆ ಎರಡು ದಾಟಿದೆ. ನಾನೇನು ಅಂದುಕೊಂಡೆ ಗೊತ್ತಾ? ಹಾಳು ಗಡಿಯಾರ, ಮೊನ್ನೆ ತಾನೇ ಹೊಸ ಸೆಲ್ ಹಾಕಿದ್ದೇನೆ, ಆಗಲೇ ಓಡಿಹೋಗಿದೆಯಲ್ಲ ಎಂದುಕೊಂಡೆ. ಹೊಟ್ಟೆಯಲ್ಲಿ ಮಧ್ಯಾಹ್ನದ ಊಟ ಇದೆ, ತೊಳೆದ ತಟ್ಟೆಗಳು ಕಣ್ಣೆದುರಿಗೇ ಒಣಗುತ್ತಿವೆ, ಆದರೂ ಸ್ಟೂಲು ಎಳೆದುಕೊಂಡು ಹತ್ತಿ, ನೋಯುವ ಮಂಡಿಯನ್ನು ಬೈದುಕೊಂಡು, ಮುಳ್ಳನ್ನು ಹಿಂದೆ ತಿರುಗಿಸಿ ಹನ್ನೊಂದಕ್ಕೆ ತಂದು ನಿಲ್ಲಿಸಿದೆ. ಕಿಟಕಿಯಿಂದ ನೋಡಿದರೆ ಎದುರಿನ ಕ್ಷೌರದಂಗಡಿಯವನೂ ಗಿರಾಕಿಯ ಮುಖದ ಅರ್ಧ ನೊರೆ ಹಾಗೇ ಬಿಟ್ಟು ತನ್ನ ಗಡಿಯಾರ ಹಿಡಿದು ನಿಂತಿದ್ದಾನೆ. ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸಿದೆವು. ಮೂಲೆಯವನು ಟೀ ತಂದಿಟ್ಟ. ಕುಡಿದೆ, ಕೂಸೇ. ಸೈರನ್ ಕೂಗುತ್ತಲೇ ಇದೆ, ನಾನು ಟೀ ಕುಡಿಯುತ್ತಲೇ ಇದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಅವತ್ತು ಇಡೀ ಊರೇ ಕೋಣ.

ಒಳಗಿನಿಂದ ನಿಮ್ಮಪ್ಪ ಏನೋ ಕರೆದರು. “ಏನಿಲ್ಲ ರೀ, ಹನ್ನೊಂದಾಯ್ತು, ಮಲಗಿ” ಎಂದೆ. ಆಮೇಲೆ ಒಳಗಿನ ಕೋಣೆಯ ಕಿಟಕಿಯ ಕದ ಒಂದೊಂದಾಗಿ ದಡ್ ದಡ್ ಎಂದು ಮುಚ್ಚಿಕೊಳ್ಳುವ ಸದ್ದು. ಈ ಮನುಷ್ಯನಿಗೆ ಎದ್ದು ನಿಲ್ಲುವುದೇ ಕಷ್ಟ, ಈಗ ಯಾವ ಸಾಹಸಕ್ಕೆ ಇಳಿದರು ಎಂದು ಬೈಯುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಕೂಗಿದರು, ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಕೂಗಿದರು, “ಇವತ್ತು ಸೋಮವಾರ ಅಲ್ಲ ಕಣೇ!”

ಆಗ ಕೇಳಿಸಿತು. ಅಷ್ಟು ಹೊತ್ತೂ ಕಿವಿಗೆ ಬೀಳುತ್ತಿದ್ದದ್ದು ಆಗ ಕೇಳಿಸಿತು. ಏರುತ್ತಿದೆ, ಇಳಿಯುತ್ತಿದೆ, ಮತ್ತೆ ಏರುತ್ತಿದೆ. ನೀನು ಹೇಳಿಕೊಟ್ಟದ್ದರಲ್ಲಿ ಒಂದೂ ನೆನಪಾಗಲಿಲ್ಲ. ಮನೆಯೊಳಗೆ ಇರಬೇಕಾದವಳು ಬರಿಗಾಲಲ್ಲಿ ಬೀದಿಗೆ ಓಡಿದೆ. “ನಿಜವಾದದ್ದು ಇದು, ಒಳಗೆ ಹೋಗಿ, ಬಾಗಿಲು ಹಾಕ್ಕೊಳ್ಳಿ” ಎಂದು ಅರಚಿದೆ. ಕ್ಷೌರದಂಗಡಿಯವನು ನಕ್ಕ. “ಏನಕ್ಕಾ, ಇವತ್ತು ಸೈರನ್ ನಿಮ್ಮ ಬಾಯಿಂದ ಬರ್ತಿದೆ?” ಎಂದ. ಅವನ ಗಿರಾಕಿಯೂ ನಕ್ಕ. ಶಾಲೆಯ ಕಡೆ ನೋಡಿದರೆ ಮಕ್ಕಳನ್ನೆಲ್ಲ ಆಟಕ್ಕೆ ಬಿಟ್ಟಿದ್ದಾರೆ, ಅಂಗಳದ ತುಂಬ ಮಕ್ಕಳು. ಗೇಟಿಗೆ ಓಡಿ, ಕಂಬಿ ಹಿಡಿದು, ಟೀಚರಮ್ಮನನ್ನು ಬಾಯಿಗೆ ಬಂದ ಹಾಗೆ ಬೈದೆ. ಆಕೆ ಕಣ್ಣು ಕಣ್ಣು ಬಿಟ್ಟು ಆಕಾಶ ನೋಡಿದಳು, ಆಮೇಲೆ ಗಂಟೆ ಬಾರಿಸಿದಳು. ಕೊನೆಯ ಮಗು ಒಳಗೆ ಹೋಗುವ ತನಕ ಅಲ್ಲೇ ನಿಂತಿದ್ದೆ. ಬಸ್ಸು ಬರಬೇಕಾದ ತಿರುವಿನಲ್ಲಿ ಒಂದು ನಾಯಿ ಮಲಗಿತ್ತು, ಬಸ್ಸಿನ ಸುಳಿವಿಲ್ಲ. ಆಮೇಲೆ ಗೊತ್ತಾದದ್ದು, ಡ್ರೈವರುಗಳೂ ಹನ್ನೊಂದು ಗಂಟೆಯ ಟೀ ಕುಡಿಯುತ್ತಿದ್ದರಂತೆ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ನಾವಿಬ್ಬರೂ ಒಳಗಿನ ಕೋಣೆಯಲ್ಲಿ ಕೂತಿದ್ದೆವು. ಎಷ್ಟು ಹೊತ್ತು ಎಂದು ಕೇಳಬೇಡ, ಗಡಿಯಾರವನ್ನು ನಾನೇ ಕೆಡಿಸಿಟ್ಟಿದ್ದೆನಲ್ಲ. ಕೊನೆಗೆ ಮೈಕಿನ ಜೀಪು ಬಂತು: ಅಪಾಯವಿಲ್ಲ, ಎಲ್ಲರೂ ತಮ್ಮ ತಮ್ಮ ಕೆಲಸ ಮುಂದುವರಿಸಬಹುದು. ಮುಂದುವರಿಸುವುದೇನು ಬಂತು, ನಿಲ್ಲಿಸಿದವರು ಯಾರಿದ್ದರು?

ಸಂಜೆ ನಗುಮುಖದ ಸಾಹೇಬರು ಬಂದು ವಿವರಿಸಿದರು. ಹಬೆ ಹೋಗುವ ಒಂದು ಪೈಪಿನ ವಾಲ್ವ್ ಕೈಕೊಟ್ಟಿತಂತೆ. ರಿಯಾಕ್ಟರ್ ತಾನೇ ತಾನಾಗಿ ನಿಂತಿತಂತೆ, ಅದನ್ನು ಮಾಡಿರುವುದೇ ಹಾಗೆ. ಮುಂಜಾಗ್ರತೆಗೆ ಸೈರನ್ ಕೂಗಿಸಿದರಂತೆ. ಹೊರಗೆ ಏನೂ ಬಂದಿಲ್ಲ, ಶಾಲೆಯ ಕಂಬದ ಮೇಲಿನ ಮೀಟರು ದಿನಾ ತೋರಿಸುವ ಅಂಕಿಯನ್ನೇ ತೋರಿಸಿದೆ. ನಾನು ನಂಬುತ್ತೇನೆ. ಆ ಮೀಟರನ್ನು ಮೊನ್ನೆಯಿಂದ ಎಷ್ಟು ಸಲ ಹೋಗಿ ನೋಡಿ ಬಂದಿದ್ದೇನೋ. ಯಂತ್ರಕ್ಕೆ ನಿಲ್ಲು ಎಂದು ಕಲಿಸಿದ್ದರು, ಅದು ನಿಂತಿತು. ನಮಗೂ ಕಲಿಸಿದ್ದರು. ಅವತ್ತು ತಪ್ಪಿದ್ದು ಯಂತ್ರವಲ್ಲ, ನಾವು. ಅದನ್ನು ಒಪ್ಪಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ನನಗೆ ಉರಿದದ್ದು ಮಾರನೆಯ ದಿನ ಕಂಬಕ್ಕೆ ಅಂಟಿಸಿದ ಹಾಳೆ ನೋಡಿ. “ಸಾರ್ವಜನಿಕರು ಯಾವುದೇ ಗಾಬರಿಯಿಲ್ಲದೆ, ಸಂಪೂರ್ಣ ಶಾಂತಿಯಿಂದ ಸಹಕರಿಸಿದ್ದಾರೆ” ಅಂತೆ! ಶಾಂತಿಯಂತೆ! ಗಡಿಯಾರ ತಿರುಗಿಸುತ್ತಿದ್ದೆವಯ್ಯಾ ನಾವು! ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ನಿನ್ನೆ ಕ್ಯಾಮೆರಾದವನನ್ನು ಕರೆದುಕೊಂಡು ಮನೆಗೇ ಬಂದರು. ಸುರಕ್ಷತೆಯ ಯೋಜನೆ ಮಾಡಿದವಳ ತಾಯಿ ನಾನಲ್ಲವೇ, ನಾವೆಲ್ಲ ಎಷ್ಟು ಸಿದ್ಧರಾಗಿದ್ದೆವು ಎಂದು ನಾಲ್ಕು ಮಾತು ಹೇಳಬೇಕಂತೆ, ಬುಧವಾರ ಸಮಿತಿಯವರಿಗೆ ತೋರಿಸುತ್ತಾರಂತೆ. “ಮಗಳ ಹೆಸರಿಗೂ ಒಳ್ಳೇದಲ್ವಾ ಅಮ್ಮಾ?” ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅದು ಅವರ ಲೆಕ್ಕ. ಸ್ಟೂಲು ತೋರಿಸಿ, “ಇದನ್ನ ಹತ್ತಿ ಗಡಿಯಾರ ತಿರುಗಿಸಿದ್ದನ್ನ ಹೇಳ್ತೀನಿ, ಹಿಡ್ಕೊಳ್ಳಿ ಕ್ಯಾಮೆರಾ” ಎಂದೆ. ನಗುಮುಖ ಸ್ವಲ್ಪ ಸಣ್ಣದಾಯಿತು. ಕ್ಯಾಮೆರಾದವನಿಗೆ ಮಾತ್ರ ನಗು ತಡೆಯಲಾಗಲಿಲ್ಲ ಪಾಪ. ಹೋಗುವಾಗ ಸಾಹೇಬರು ಬಾಗಿಲಲ್ಲಿ ನಿಂತು ಮೆಲ್ಲಗೆ ಇನ್ನೊಂದು ಮಾತು ಹೇಳಿದರು: ಇದೆಲ್ಲ ಹೊರಗೆ ಬಂದರೆ ಮೊದಲು ಕೇಳುವುದು ಆ ಸೈರನ್ ಯೋಜನೆ ಯಾರದು ಎಂದು, ನೆನಪಿರಲಿ ಎಂದರು. ಹೆದರಿಸಿದರೋ ಎಚ್ಚರಿಸಿದರೋ ಗೊತ್ತಾಗಲಿಲ್ಲ. ಗುರುವಾರ ಮಧ್ಯಾಹ್ನದಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ.

ನಿಮ್ಮಪ್ಪನ ವಾದ ಬೇರೆ. ಅದನ್ನೂ ಸರಿಯಾಗಿ ಬರೆಯಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅವರು ಕಿಟಕಿಯಿಂದ ದಿನವಿಡೀ ನೋಡುವುದು ಆ ಕಲ್ಲಿದ್ದಲ ಪವರ್ ಹೌಸಿನ ಚಿಮಣಿಯನ್ನೇ. ಪ್ರಾಯವನ್ನೆಲ್ಲ ಅದರ ಬಾಯ್ಲರಿಗೆ ಹಾಕಿದರು, ಅದು ಅವರ ಎದೆಗೆ ಬೂದಿ ತುಂಬಿ ಕಳಿಸಿತು. ಆ ಬೂದಿ ಈಗಲೂ ಬರುತ್ತದೆ. ಬೆಳಿಗ್ಗೆ ಮಿಷಿನ್ನಿನ ಹಲಗೆ ಒರೆಸದೆ ನಾನು ಬಟ್ಟೆ ಹಾಸುವ ಹಾಗಿಲ್ಲ, ಒಗೆದು ಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದುಬಣ್ಣ. ಅವರು ಕಿಟಕಿಯ ಅಂಚಿನ ಮೇಲೆ ಬೆರಳು ಎಳೆದು ನನಗೆ ತೋರಿಸುತ್ತಾರೆ, “ನೋಡು, ಇದಕ್ಕೆ ಸೈರನ್ ಇದೆಯಾ? ನನ್ನ ಎದೆ ಹೋಗುವಾಗ ಯಾವ ಸೈರನ್ ಕೂಗಿತು? ಇದು ದಿನಾ ಕೊಲ್ಲುತ್ತೆ, ಯಾರೂ ಡ್ರಿಲ್ ಮಾಡಲ್ಲ.” ಆ ಮುದಿ ಪವರ್ ಹೌಸ್ ಆಗಾಗ ಕೆಟ್ಟು ನಿಲ್ಲುತ್ತದೆ, ಕರೆಂಟು ಹೋಗುತ್ತದೆ, ಆಕ್ಸಿಜನ್ ಮಿಷಿನ್ ಕುಂಯ್ ಎಂದು ಆರುತ್ತದೆ. ಮಂಚದ ಕೆಳಗಿನ ಸಿಲಿಂಡರ್ ಎಳೆದು ತಿರುಪು ಬಿಚ್ಚುವಷ್ಟರಲ್ಲಿ ಅವರ ತುಟಿ ನೇರಳೆಗೆ ತಿರುಗಿರುತ್ತದೆ. ಹೊಸ ಎರಡು ಬಂದರೆ ಕರೆಂಟು ಹೋಗುವುದಿಲ್ಲ, ಬೂದಿಯೂ ಬೀಳುವುದಿಲ್ಲ ಎನ್ನುತ್ತಾರೆ. ನನಗೂ ಅದು ಬೇಕು, ಕೂಸೇ. ಆ ಚಿಮಣಿ ಹೊಗೆಯಿಲ್ಲದೆ ನಿಂತಿರುವುದನ್ನು ಒಂದು ದಿನ ಅವರು ನೋಡಬೇಕು, ಅದಕ್ಕೆ ನಾನು ಏನು ಬೇಕಾದರೂ ಕೊಟ್ಟೇನು.

ಅತ್ತ ದರಿ, ಇತ್ತ ಪುಲಿ. ನಡುವೆ ನೀನು ಪೆನ್ನು ಹಿಡಿದು ನಿಂತಿದ್ದೀಯ. ಅಣುವೆಂದರೆ ನನಗೆ ಮೊದಲಿನ ಭಯವಿಲ್ಲ. ಅದರೊಳಗೆ ಹೋಗುವವರ ಅಂಗಿ ಹೊಲಿದು ಹೊಲಿದು ಅದು ನನಗೆ ಇನ್ನೊಂದು ಕಾರ್ಖಾನೆಯಂತಾಗಿದೆ. ಆ ಅಂಗಿಯ ಜೇಬಿಗೆ ಎರಡು ಹೊಲಿಗೆ ಬೇಕು ಎನ್ನುತ್ತಾರೆ, ಒಂದು ಬಿಚ್ಚಿದರೆ ಇನ್ನೊಂದು ಹಿಡಿದಿರಲಿ ಎಂದು. ಗುರುವಾರ ಒಂದು ಹೊಲಿಗೆ ಹಿಡಿಯಿತು. ಎರಡನೆಯದು ನಾವು, ಬಿಚ್ಚಿಹೋಗಿದ್ದೆವು. ಬೆಂಕಿ ಬಿದ್ದಮೇಲೆ ಬಾವಿ ತೋಡುವುದು ಬೇಡ ಎಂದು ನೀನು ಇಷ್ಟು ವರ್ಷ ದುಡಿದೆ, ನಾವು ನಿನ್ನ ಬಾವಿಯ ಕಟ್ಟೆಯ ಮೇಲೆ ಕೂತು ಹರಟೆ ಹೊಡೆದೆವು. ಇದನ್ನು ಬರೆಯುವಾಗ ನಿನ್ನ ಮುಖ ಕಣ್ಣ ಮುಂದೆ ಬಂದು ಸಂಕಟವಾಗುತ್ತಿದೆ. ಆದರೆ ನಿನ್ನ ಯೋಜನೆ ಎಲ್ಲಿ ಹರಿದಿದೆ ಎಂದು ಬೇರೆಯವರು ಹೇಳುವ ಮೊದಲು ಅಮ್ಮನೇ ಹೇಳಬೇಕು ಅನ್ನಿಸಿತು. ನಮ್ಮ ಗಡಿಯಾರವನ್ನು ಇನ್ನೂ ಸರಿ ಮಾಡಿಲ್ಲ. ಅದು ಗುರುವಾರದ ಹನ್ನೊಂದು ಗಂಟೆಯಿಂದ ತನ್ನ ಪಾಡಿಗೆ ತಪ್ಪಾಗಿ ಓಡುತ್ತಿದೆ, ನೀನು ಬಂದು ನೋಡುವ ತನಕ ಹಾಗೇ ಓಡಲಿ.

ಎದುರಿನವನು ನಿನಗೆ ನೆನಪು ಹೇಳಿದ್ದಾನೆ. ಅವತ್ತು ನಕ್ಕದ್ದಕ್ಕೆ ಈಗ ಬಂದು ಬಂದು ಕ್ಷಮೆ ಕೇಳುತ್ತಾನೆ. ನಿಮ್ಮಪ್ಪನ ಆಶೀರ್ವಾದ ಕಾಗದದ ಶುರುವಿನಲ್ಲೇ ಬಂದಿದೆ, ಅವರ ಆಶೀರ್ವಾದವೆಲ್ಲ ಹುಕುಂ ರೂಪದಲ್ಲೇ ಇರುತ್ತದೆ, ನಿನಗೆ ಗೊತ್ತಲ್ಲ. ನನ್ನದು ಇದು: ನಿನ್ನ ಬುದ್ಧಿ ನಿನ್ನ ಕೈಯಲ್ಲೇ ಇರಲಿ, ಯಾರ ಹೆದರಿಕೆಗೂ, ಯಾರ ಮುಲಾಜಿಗೂ ಕೈ ನಡುಗದಿರಲಿ, ತಣ್ಣಗೆ ಬಾಳು ಮಗಳೇ.

ನಿನ್ನನ್ನೇ ನೆನೆಯುತ್ತಾ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿಲ್ಲ, ಬೇಗ ಬೇಗ ಬರೆಯುತ್ತಿದ್ದೇನೆ. ಎದುರಿನವನು ಅಪ್ಪನಿಗೆ ಗಡ್ಡ ಬೋಳಿಸುವುದಕ್ಕೆ ಬಂದಿದ್ದಾನೆ. ಮುಖದ ತುಂಬ ನೊರೆ, ಕತ್ತು ತಿರುಗಿಸುವ ಹಾಗಿಲ್ಲ, ಬಾಯಿ ತೆರೆಯುವ ಹಾಗಿಲ್ಲ. ಇದನ್ನು ನಿನಗೆ ತಿಳಿಸಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿಯುತ್ತಿದ್ದೇನೆ.

ಗುರುವಾರ ಶಾಲೆಯ ಗೇಟಿನಿಂದ ಓಡಿ ಬಂದೆ ಎಂದೆನಲ್ಲ, ಬಂದು ನೋಡಿದರೆ ಮನೆ ಪೂರ್ತಿ ಮೌನ. ಆಕ್ಸಿಜನ್ ಮಿಷಿನ್ನಿನ ಸದ್ದಿಲ್ಲ. ಕರೆಂಟು ಇತ್ತು. ಅವರೇ ಆರಿಸಿದ್ದರು. ಹೊರಗಿನ ಗಾಳಿ ಎಳೆಯುವ ಯಂತ್ರಗಳನ್ನು ನಿಲ್ಲಿಸಿ ಎಂದು ನಿನ್ನ ಹಾಳೆಯಲ್ಲಿದೆಯಲ್ಲ, ಈ ಮಿಷಿನ್ನೂ ಗಾಳಿ ಎಳೆದೇ ಆಕ್ಸಿಜನ್ ಮಾಡುವುದು, ಇಡೀ ಊರಿನಲ್ಲಿ ಅದನ್ನು ಪಾಲಿಸಿದವರು ನಿಮ್ಮಪ್ಪ ಒಬ್ಬರೇ. ಕೊಳವೆಯನ್ನು ಮೂಗಿನಿಂದ ತೆಗೆದು, ನೀಟಾಗಿ ಸುತ್ತಿ, ಮಿಷಿನ್ನಿನ ಮೇಲಿಟ್ಟಿದ್ದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ತುಟಿ ಕಪ್ಪಗಾಗಿತ್ತು. ಹೊಸ್ತಿಲಲ್ಲಿ ನನ್ನ ಚಪ್ಪಲಿ ಬೀದಿಯ ಕಡೆಗೆ ಮುಖ ಮಾಡಿ ಇಟ್ಟಿದ್ದರು. ನನ್ನದು ಮಾತ್ರ. ಅವರದು ಮಂಚದ ಕೆಳಗೇ ಇತ್ತು. ಮಾತು ಬರುತ್ತಿರಲಿಲ್ಲ, ಹೋಗು ಎಂದು ಕೈ ಬೀಸಿದರು. ನಾನು ಮಿಷಿನ್ ಹಾಕಿ, ಕೊಳವೆ ಸಿಕ್ಕಿಸಿ, ಅವರ ಬೆನ್ನು ಉಜ್ಜುತ್ತಾ ಕೂತೆ. ಉಸಿರು ತಿರುಗಿದ ಮೇಲೆ ಅವರು ಆಡಿದ ಮೊದಲ ಮಾತು, “ಬಸ್ಸಲ್ಲಿ ಪ್ರತಿ ವರ್ಷ ನನ್ನ ಹೆಸರು ಹೋಗುತ್ತಲ್ಲ, ಈ ಸಲಾನೂ ಹೆಸರೇ ಹೋಗಲಿ ಅಂತಿದ್ದೆ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಇದು ಗೊತ್ತಾದರೆ ನೀನು 'ಊರು ಸಿದ್ಧ' ಎಂದು ಬರೆಯುವುದಿಲ್ಲ ಎನ್ನುವುದೇ ಅವರ ಹೆದರಿಕೆ.

ಸಹಿ ಹಾಕಬೇಡ ಎಂದು ನಾನು ಹೇಳುವುದಿಲ್ಲ. ಹಾಕುವ ಮೊದಲು ಬಾ. ಯಾರಿಗೂ ಹೇಳದೆ, ಸೋಮವಾರವಲ್ಲದ ಒಂದು ದಿನ ಸೈರನ್ ಕೂಗಿಸು, ನಿಮ್ಮಪ್ಪನನ್ನು ಮಿಷಿನ್ ಸಮೇತ ಈ ಮೆಟ್ಟಿಲು ಇಳಿಸಿ ನೀನೇ ಬಸ್ಸು ಹತ್ತಿಸು. ಆಮೇಲೆ ನಿನಗೆ ಏನು ಬರೆಯಬೇಕು ಅನ್ನಿಸುತ್ತದೋ ಅದನ್ನು ಬರೆ.

ಬರುವಾಗ ಅವರಿಗೊಂದು ಜೊತೆ ಚಪ್ಪಲಿ ತಾ. ಹಳೆಯದು ಊದಿದ ಕಾಲಿಗೆ ಏರುವುದಿಲ್ಲ. ನಿನ್ನೆ ಅವರಿಗೆ ಜೊಂಪು ಹತ್ತಿದಾಗ ಪಾದದ ಅಳತೆಯನ್ನು ಈ ಹಾಳೆಯ ಹಿಂದೆಯೇ ಎಳೆದುಕೊಂಡಿದ್ದೇನೆ, ತಿರುಗಿಸಿ ನೋಡು. ಗೆರೆ ಅಲ್ಲಲ್ಲಿ ಅಲುಗಿದೆ, ಅದು ನನ್ನ ಕೈ. ಅಳತೆ ಸರಿಯಾಗಿದೆ.